865 ಪಂದ್ಯ, 20 ಗೋಲು

2025ರ ಸೆಪ್ಟೆಂಬರ್‌ನಲ್ಲಿ ಸ್ಪೇನಿನ ಫುಟ್‌ಬಾಲ್ ಆಟಗಾರ ಸೆರ್ಜಿಯೊ ಬುಸ್ಕೆಟ್ಸ್ ನಿವೃತ್ತಿಯ ಸುದ್ದಿ ಹೇಳಿದ. ಈ ಸೀಸನ್ ಮುಗಿದ ಮೇಲೆ ಆಡುವುದಿಲ್ಲ ಅಂದ. ಅವತ್ತು ರಾತ್ರಿ ಊಟ ಮುಗಿಸಿ ಅವನ ಆಟದ ತುಣುಕುಗಳನ್ನು ಹುಡುಕಿಕೊಂಡು ಕೂತೆ. ಬೇಕಾದಷ್ಟು ಸಿಕ್ಕವು. ಅಂಗಾಲಿನಿಂದ ಚೆಂಡು ಹಿಂದಕ್ಕೆಳೆದು ಎದುರಾಳಿಯನ್ನು ಯಾಮಾರಿಸುವುದು, ನೋಡುವುದು ಒಂದು ಕಡೆ ಪಾಸ್ ಕೊಡುವುದು ಇನ್ನೊಂದು ಕಡೆ, ಒಂದೆರಡು ಗೋಲು, ಹಿಂದೆ ಜೋರಾಗಿ ಸಂಗೀತ. ಚೆನ್ನಾಗಿಯೇ ಇದ್ದವು. ಆದರೆ ನೋಡುತ್ತಾ ಹೋದಂತೆ ಒಂಥರಾ ಕಿರಿಕಿರಿ ಶುರುವಾಯಿತು. ಇಷ್ಟು ವರ್ಷ ನಾನು ನಿದ್ದೆಗೆಟ್ಟು ನೋಡಿದ ಆಟಗಾರ ಇವುಗಳಲ್ಲಿ ಇಲ್ಲವೇ ಇಲ್ಲ. ಇವೆಲ್ಲ ಅವನು ಅಪರೂಪಕ್ಕೆ ಮಾಡಿದ ಕೆಲಸಗಳು. ದಿನಾ ಮಾಡುತ್ತಿದ್ದ ಕೆಲಸ ಎಲ್ಲಿ ಹೋಯಿತು?

ಲೆಕ್ಕ ನೋಡಿದರೂ ಅದೇ ಕಥೆ. ಬಾರ್ಸಿಲೋನಾ ಕ್ಲಬ್ ಪರ 722 ಪಂದ್ಯ, 18 ಗೋಲು. ಸ್ಪೇನ್ ಪರ 143 ಪಂದ್ಯ, 2 ಗೋಲು. ಎರಡೂ ಸೇರಿದರೆ 865 ಪಂದ್ಯ, 20 ಗೋಲು. ಬಾರ್ಸಿಲೋನಾದ ಇತಿಹಾಸದಲ್ಲಿ ಅವನಿಗಿಂತ ಜಾಸ್ತಿ ಪಂದ್ಯ ಆಡಿದವರು ಇಬ್ಬರೇ, ಮೆಸ್ಸಿ ಮತ್ತು ಕ್ಸಾವಿ. ಒಂದು ವಿಶ್ವಕಪ್, ಒಂದು ಯೂರೋ ಕಪ್, ಯುರೋಪಿನ ಕ್ಲಬ್‌ಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಮೂರು ಸಲ, ಸ್ಪೇನಿನ ಲೀಗ್ ಲಾ ಲೀಗಾ ಒಂಬತ್ತು ಸಲ. ಇಷ್ಟೆಲ್ಲ ಗೆದ್ದವನ ಬಗ್ಗೆ "ಅವನು ಏನು ಮಾಡಿದ?" ಅಂತ ಯಾರಾದರೂ ಕೇಳಿದರೆ ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಫಾರ್ವರ್ಡ್ ಆಟಗಾರನ ವೃತ್ತಿಜೀವನವನ್ನು ಎಣಿಸಿ ಹೇಳಬಹುದು. ಗೋಲ್‌ಕೀಪರ್‌ನದ್ದನ್ನೂ ಎಣಿಸಬಹುದು. ಮಧ್ಯದಲ್ಲಿ, ಡಿಫೆನ್ಸ್‌ಗೆ ಸ್ವಲ್ಪ ಮುಂದೆ ನಿಲ್ಲುವ ಮಿಡ್‌ಫೀಲ್ಡರ್‌ನದ್ದು ಎಣಿಕೆಗೆ ಸಿಗುವುದಿಲ್ಲ.

ನಮ್ಮೂರ ಕಡೆ ಹೊನಲು ಬೆಳಕಿನ ವಾಲಿಬಾಲ್ ಪಂದ್ಯ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಶಿಳ್ಳೆ ಬೀಳುವುದು ಸ್ಮ್ಯಾಶ್ ಹೊಡೆದವನಿಗೆ. ಆದರೆ ತಂಡ ಕಟ್ಟುವವರು ಮೊದಲು ಹುಡುಕುವುದು ಒಳ್ಳೆಯ ಲಿಫ್ಟರ್‌ನನ್ನು. ಫುಟ್‌ಬಾಲಿನಲ್ಲಿ ಆ ಲಿಫ್ಟರ್ ಇನ್ನೂ ಹಿಂದೆ ಸರಿದು ನಿಂತಿರುತ್ತಾನೆ. ಅವನು ಎತ್ತಿಕೊಟ್ಟ ಚೆಂಡು ಗೋಲಾಗುವ ಹೊತ್ತಿಗೆ ನಡುವೆ ಇನ್ನೂ ಮೂರ್ನಾಲ್ಕು ಕಾಲು ತಾಗಿರುತ್ತವೆ.

ಬಾದಿಯಾದ ಹುಡುಗ

ಬುಸ್ಕೆಟ್ಸ್ ಬೆಳೆದದ್ದು ಬಾರ್ಸಿಲೋನಾ ಹತ್ತಿರದ ಬಾದಿಯಾ ದೆಲ್ ವಾಲೆಸ್ ಅನ್ನುವ ಸಣ್ಣ ಊರಿನಲ್ಲಿ. ಕೆಲಸಗಾರ ಕುಟುಂಬಗಳಿಗಾಗಿ ಕಟ್ಟಿದ ವಸತಿಗಳ ಊರು ಅದು. ಅಪ್ಪ ಕಾರ್ಲೆಸ್ ಬುಸ್ಕೆಟ್ಸ್ ಬಾರ್ಸಿಲೋನಾದ ಗೋಲ್‌ಕೀಪರ್ ಆಗಿದ್ದವರು. ಯೋಹಾನ್ ಕ್ರೈಫ್ ಕೋಚ್ ಆಗಿದ್ದ ಕಾಲ. ಉದ್ದ ಪ್ಯಾಂಟ್ ಹಾಕಿಕೊಂಡು ಆಡುತ್ತಿದ್ದರು, ಚೆಂಡನ್ನು ಕಾಲಿನಲ್ಲಿ ಆಡಿಸಲು ಹೆದರುತ್ತಿರಲಿಲ್ಲ. ಮಗ ಬಾರ್ಸಿಲೋನಾ ಅಕಾಡೆಮಿಗೆ ಬಂದದ್ದು ಮಾತ್ರ ತಡವಾಗಿ, 2005ರಲ್ಲಿ, ಹದಿನೇಳರ ಹೊತ್ತಿಗೆ. ಇನಿಯೆಸ್ತಾ ಹನ್ನೆರಡಕ್ಕೆ, ಮೆಸ್ಸಿ ಹದಿಮೂರಕ್ಕೆ ಅಲ್ಲಿಗೆ ಬಂದಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡರೆ ಇದು ಎಷ್ಟು ತಡ ಅಂತ ಗೊತ್ತಾಗುತ್ತದೆ. ಉದ್ದ ಕಾಲು, ತೆಳ್ಳಗಿನ ಮೈ. ಓಟದಲ್ಲಿ ವೇಗ ಇಲ್ಲ.

ಈ ಕೊನೆಯ ವಿಷಯ ನನಗೆ ಮುಖ್ಯ. ಅವನು ಮೊದಲಿನಿಂದಲೂ ನಿಧಾನ. ವಯಸ್ಸಾದ ಮೇಲೆ ನಿಧಾನ ಆದದ್ದಲ್ಲ. ಇದನ್ನು ಮುಂದೆ ಮತ್ತೆ ಹೇಳಬೇಕಾಗುತ್ತದೆ.

2007ರಲ್ಲಿ ಬಾರ್ಸಿಲೋನಾದ ಬಿ ತಂಡ ನಾಲ್ಕನೇ ದರ್ಜೆಗೆ ಕುಸಿದಿತ್ತು. ಅದನ್ನು ಎತ್ತಲು ಬಂದ ಹೊಸ ಕೋಚ್ ಪೆಪ್ ಗಾರ್ಡಿಯೋಲಾ. ಅವರು ಕೂಡ ಆಟಗಾರರಾಗಿದ್ದಾಗ ಇದೇ ಜಾಗದಲ್ಲಿ ನಿಂತವರು, ಅವರೂ ವೇಗದ ಓಟಗಾರರಲ್ಲ. ಒಂದು ವರ್ಷದಲ್ಲಿ ತಂಡ ಮೇಲೆ ಬಂತು. ಗಾರ್ಡಿಯೋಲಾ ಮುಖ್ಯ ತಂಡದ ಕೋಚ್ ಆದರು, ಬುಸ್ಕೆಟ್ಸ್‌ನನ್ನು ಜೊತೆಗೆ ಕರೆದುಕೊಂಡು ಹೋದರು. ಲೀಗ್‌ನ ಮೊದಲ ಪಂದ್ಯದಲ್ಲೇ ನುಮಾನ್ಸಿಯಾ ಎದುರು 0-1 ಸೋಲು. ಎರಡನೆಯದು 2008ರ ಸೆಪ್ಟೆಂಬರ್ 13, ಕ್ಯಾಂಪ್ ನೌನಲ್ಲಿ ರೇಸಿಂಗ್ ಸಾಂಟಾಂಡರ್ ಎದುರು. ಸೋತ ಕೋಚ್ ಸಾಮಾನ್ಯವಾಗಿ ಹಳಬರ ಮೇಲೆ ಭಾರ ಹಾಕುತ್ತಾನೆ. ಇವರು ಇಪ್ಪತ್ತು ವರ್ಷದ, ಯಾರೂ ಹೆಸರು ಕೇಳದ ಹುಡುಗನನ್ನು ಆಡಿಸಿದರು. ಪಂದ್ಯ 1-1 ಡ್ರಾ. ಮುಂದಿನ ಮೇ ತಿಂಗಳಲ್ಲಿ ರೋಮ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ನಡೆದಾಗ ಆ ಹುಡುಗ ಕ್ಸಾವಿ, ಇನಿಯೆಸ್ತಾ ಜೊತೆ ನಡುವೆ ನಿಂತಿದ್ದ. ಯಾಯಾ ಟೂರೆಯಂಥ ಬಲಶಾಲಿ ಮಿಡ್‌ಫೀಲ್ಡರ್ ಅವತ್ತು ಡಿಫೆನ್ಸ್‌ನಲ್ಲಿ ಆಡಿದ. ಮ್ಯಾಂಚೆಸ್ಟರ್ ಯುನೈಟೆಡ್ 0-2ರಿಂದ ಸೋತಿತು.

ಇಷ್ಟು ಬೇಗ ಇಷ್ಟು ಮೇಲಕ್ಕೆ ಹೋಗಲು ಅವನ ಕೈಯಲ್ಲಿದ್ದದ್ದೇನು? ಚೆಂಡು ಬರುವ ಮೊದಲೇ ನೋಡಿಟ್ಟುಕೊಳ್ಳುವುದು. ಅಷ್ಟೇ ಅಂದರೆ ಅಷ್ಟೇ. ಚೆಂಡು ಇನ್ನೂ ಹಿಂದಿರುವ ಡಿಫೆಂಡರ್ ಪಿಕೆ ಕಾಲಲ್ಲಿ ಇರುವಾಗ ಬುಸ್ಕೆಟ್ಸ್ ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡುತ್ತಾನೆ. ಚೆಂಡು ಅವನ ಕಡೆ ಹೊರಟ ಮೇಲೆ ಮತ್ತೊಮ್ಮೆ. ಬಂದಾಗ ಮೈ ಅರ್ಧ ತಿರುಗಿಯೇ ಇರುತ್ತದೆ. ಎದುರಾಳಿ ಓಡಿ ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಪಾಸ್‌ನಲ್ಲೂ ಒಂದು ಮಾತು ಇರುತ್ತದೆ. ಗೆಳೆಯನ ಹಿಂದಿನ ಕಾಲಿಗೆ, ಅಂದರೆ ತನ್ನಿಂದ ದೂರದ ಕಾಲಿಗೆ ಕೊಟ್ಟರೆ "ತಿರುಗು, ಹಿಂದೆ ಯಾರೂ ಇಲ್ಲ" ಅಂತ. ಮುಂದಿನ ಕಾಲಿಗೆ, ಗಟ್ಟಿಯಾಗಿ ಕೊಟ್ಟರೆ "ಬೆನ್ನಿಗೆ ಒಬ್ಬ ಇದ್ದಾನೆ, ನನಗೇ ವಾಪಸ್ ಕೊಡು" ಅಂತ. ಡಿಫೆಂಡರ್ ಡ್ಯಾನಿ ಆಲ್ವೆಸ್ ಬಲಗಡೆ ಮೇಲಕ್ಕೆ ಹೋದನೋ, ಇವನು ನಡುವಿನ ಇಬ್ಬರು ಡಿಫೆಂಡರ್‌ಗಳ, ಅಂದರೆ ಸೆಂಟರ್ ಬ್ಯಾಕ್‌ಗಳ ನಡುವೆ ಇಳಿದು ಮೂರನೆಯವನಾಗುತ್ತಾನೆ. ಆಲ್ವೆಸ್ ಹಿಂತಿರುಗಿದನೋ, ಇವನು ಮೇಲೆ ಸರಿಯುತ್ತಾನೆ. ಇದರಲ್ಲಿ ಯಾವುದನ್ನು ಕತ್ತರಿಸಿ ಒಂದು ನಿಮಿಷದ ವಿಡಿಯೋ ಮಾಡುತ್ತೀರಿ?

ಬರ್ನಬ್ಯೂ, 87ನೇ ನಿಮಿಷ

2011ರ ಏಪ್ರಿಲ್ 27. ಚಾಂಪಿಯನ್ಸ್ ಲೀಗ್ ಸೆಮಿಫೈನಲ್, ರಿಯಲ್ ಮ್ಯಾಡ್ರಿಡ್ ತವರಾದ ಬರ್ನಬ್ಯೂ ಸ್ಟೇಡಿಯಂನಲ್ಲಿ. ನಮಗೆ ಇಲ್ಲಿ ಮಧ್ಯರಾತ್ರಿ ದಾಟಿತ್ತು. ಗೆಳೆಯನ ರೂಮಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೆವು. ಕೆಳಗೆ ಮನೆ ಓನರ್ ಮಲಗಿದ್ದರು, ಹಾಗಾಗಿ ಟಿವಿ ಸೌಂಡ್ ಪೂರ್ತಿ ಕಡಿಮೆ. ಮ್ಯಾಡ್ರಿಡ್‌ನ ಪೆಪೆ ರೆಡ್ ಕಾರ್ಡ್ ತಗೊಂಡು ಹೊರಗೆ ಹೋಗಿದ್ದ. 76ನೇ ನಿಮಿಷದಲ್ಲಿ ಮೆಸ್ಸಿ ಒಂದು ಗೋಲು ಹೊಡೆದಿದ್ದ. 87ನೇ ನಿಮಿಷದಲ್ಲಿ ಆ ಎರಡನೇ ಗೋಲು ಬಂತು. ನೋಡದವರು ಯಾರೂ ಇರಲಿಕ್ಕಿಲ್ಲ. ಮೆಸ್ಸಿ ನಾಲ್ಕೈದು ಬಿಳಿ ಅಂಗಿಗಳ ನಡುವೆ ನುಗ್ಗಿ, ಬಲಗಾಲಿನಿಂದ ಗೋಲ್‌ಕೀಪರ್ ಕಸಿಯಾಸ್‌ನನ್ನು ದಾಟಿಸಿದ. ಸೌಂಡ್ ಇಲ್ಲದ ರೂಮಿನಲ್ಲಿ ನಾವು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕುಣಿದೆವು.

ಮರುದಿನ ಆ ಗೋಲಿನ ಅಸಿಸ್ಟ್, ಅಂದರೆ ಗೋಲಿಗೆ ಮುಂಚಿನ ಕೊನೆಯ ಪಾಸ್, ಯಾರದ್ದು ಅಂತ ನೋಡಿದರೆ ಬುಸ್ಕೆಟ್ಸ್. ಗೆಳೆಯ ಕಾಲೇಜು ತಂಡದಲ್ಲಿ ಫಾರ್ವರ್ಡ್ ಆಡುತ್ತಿದ್ದವನು. ಅವನಿಗೆ ತಡೆಯಲಾಗಲಿಲ್ಲ. "ಲೋ, ಅವನು ಏನೋ ಮಾಡಿದ? ಸುಮ್ನೆ ನಿಂತಿದ್ದಕ್ಕೂ ಅಸಿಸ್ಟಾ?" ಅಂದ. ಅವನು ಹೇಳಿದ್ದು ಒಂದು ಲೆಕ್ಕಕ್ಕೆ ನಿಜವೇ. ಮೆಸ್ಸಿ ಚೆಂಡನ್ನು ಮುಂದೆ ಇದ್ದ ಬುಸ್ಕೆಟ್ಸ್‌ಗೆ ಕೊಟ್ಟ. ಬುಸ್ಕೆಟ್ಸ್ ಗೋಲಿಗೆ ಬೆನ್ನು ಹಾಕಿಕೊಂಡು ಅದನ್ನು ಕಾಲಡಿ ನಿಲ್ಲಿಸಿದ. ಮೆಸ್ಸಿ ಓಡಿ ಬಂದು ಅದನ್ನು ಎತ್ತಿಕೊಂಡು ಹೊರಟ. ಪಾಸ್ ಕೊಟ್ಟ ಅನ್ನುವುದಕ್ಕಿಂತ ಪಾಸ್ ಕೊಡದೆ ಉಳಿದ ಅನ್ನಬೇಕು.

ಆ ತುಣುಕನ್ನು ಆಮೇಲೆ ತುಂಬಾ ಸಲ ನೋಡಿದ್ದೇನೆ. ನೋಡುವಾಗ ಮೆಸ್ಸಿಯ ಮೇಲಿನ ಕಣ್ಣು ತೆಗೆದು ಮ್ಯಾಡ್ರಿಡ್‌ನವರನ್ನು ನೋಡಬೇಕು. ಚೆಂಡು ಬುಸ್ಕೆಟ್ಸ್ ಕಾಲಲ್ಲಿ ನಿಂತ ಕ್ಷಣ ಅವರೂ ನಿಲ್ಲುತ್ತಾರೆ. ಅವನು ಎಡಕ್ಕೆ ಕೊಡುತ್ತಾನೋ, ಬಲಕ್ಕೆ ಕೊಡುತ್ತಾನೋ, ತಿರುಗುತ್ತಾನೋ ಅಂತ ಕಾಯುತ್ತಾರೆ. ಹಿಮ್ಮಡಿ ಮೇಲೆ ಭಾರ ಬಿದ್ದಿರುತ್ತದೆ. ಅಷ್ಟು ಹೊತ್ತಿಗೆ ಮೆಸ್ಸಿ ಪೂರ್ತಿ ವೇಗದಲ್ಲಿ ಬಂದಾಗಿದೆ. ನಿಂತವರ ನಡುವೆ ಓಡುವವನು. ಬೇರೆ ಯಾರಾದರೂ ಆಗಿದ್ದರೆ, 87ನೇ ನಿಮಿಷ, ಮುಂದೆ ಇದ್ದೇವೆ, ಎದುರು ಹತ್ತೇ ಜನ ಅಂತ ಚೆಂಡನ್ನು ಪಕ್ಕಕ್ಕೆ ತಳ್ಳಿ ಕೈತೊಳೆದುಕೊಳ್ಳುತ್ತಿದ್ದರು. ಅವನು ತಳ್ಳಲಿಲ್ಲ. ತನ್ನ ಕಡೆಗೆ ಯಾರು ಓಡಿ ಬರುತ್ತಿದ್ದಾರೆ, ಅವನಿಗೆ ಎಷ್ಟು ಹೊತ್ತು ಬೇಕು ಅನ್ನುವುದು ಅವನಿಗೆ ಗೊತ್ತಿತ್ತು.

ಆದರೆ ಇದೇ ಜಾಗದಲ್ಲಿ ಇನ್ನೊಂದು ಮಾತೂ ಹೇಳಬೇಕು. ಮೆಸ್ಸಿ ಬಾರದೇ ಇದ್ದಿದ್ದರೆ? ಆಗ ಬುಸ್ಕೆಟ್ಸ್ ಮೂರು ಜನರ ನಡುವೆ ಚೆಂಡು ಕಳೆದುಕೊಂಡ ನಿಧಾನದ ಮಿಡ್‌ಫೀಲ್ಡರ್ ಅಷ್ಟೇ. ಅವನು ನಿಂತದ್ದಕ್ಕೆ ಬೆಲೆ ಬಂದದ್ದು ಇನ್ನೊಬ್ಬ ಓಡಿದ್ದರಿಂದ. ಅವನ ಇಡೀ ವೃತ್ತಿಜೀವನವನ್ನು ಈ ಒಂದು ಗೋಲಿನಲ್ಲಿಟ್ಟು ನೋಡಬಹುದು ಅಂತ ನನಗೆ ಅನಿಸುತ್ತದೆ.

ಅದಕ್ಕೂ ಒಂದು ವರ್ಷ ಮೊದಲು, 2010ರ ಏಪ್ರಿಲ್‌ನಲ್ಲಿ, ಇಂಟರ್ ಮಿಲಾನ್ ಎದುರಿನ ಸೆಮಿಫೈನಲ್‌ನಲ್ಲಿ ಅವನು ಮುಖ ಹಿಡಿದುಕೊಂಡು ನೆಲಕ್ಕೆ ಬಿದ್ದು, ಬೆರಳುಗಳ ಸಂದಿನಿಂದ ಇಣುಕಿ ನೋಡಿದ್ದ. ಇಂಟರ್‌ನ ಥಿಯಾಗೊ ಮೊಟ್ಟಾಗೆ ರೆಡ್ ಕಾರ್ಡ್ ಸಿಕ್ಕಿತ್ತು. ಅದನ್ನು ನಾನು ಸಮರ್ಥಿಸುವುದಿಲ್ಲ. ಅದು ಆಟಕ್ಕೆ ಮಾಡಿದ ಮೋಸ. ಬಾರ್ಸಿಲೋನಾ ಆ ಸುತ್ತಿನಲ್ಲೇ ಹೊರಬಿತ್ತು. ಬೇಸರ ಏನೆಂದರೆ, ಸಾವಿರಾರು ಸಲ ಹೆಗಲ ಮೇಲಿಂದ ನೋಡಿದ್ದನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ, ಬೆರಳ ಸಂದಿನಿಂದ ನೋಡಿದ ಆ ಒಂದು ಸಲ ಎಲ್ಲರ ಕಣ್ಣಿಗೂ ಬಿತ್ತು.

ಅದೇ ವರ್ಷ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಶ್ವಕಪ್. ಸ್ಪೇನ್ ಮೊದಲ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್ ಎದುರು 0-1 ಸೋತಿತು. ಬುಸ್ಕೆಟ್ಸ್ ಮತ್ತು ಷಾಬಿ ಅಲೊನ್ಸೊ ಇಬ್ಬರನ್ನೂ ಒಟ್ಟಿಗೆ ಆಡಿಸುವುದು ಯಾಕೆ, ಒಬ್ಬನನ್ನು ತೆಗೆದು ಇನ್ನೊಬ್ಬ ಫಾರ್ವರ್ಡ್ ಹಾಕಿ ಅಂತ ಸ್ಪೇನ್‌ನಲ್ಲಿ ಗಲಾಟೆಯಾಯಿತು. ಕೋಚ್ ವಿಸೆಂಟೆ ಡೆಲ್ ಬಾಸ್ಕೆ ಜಗ್ಗಲಿಲ್ಲ. ಅವರೂ ತಮ್ಮ ಕಾಲದಲ್ಲಿ ಮಿಡ್‌ಫೀಲ್ಡರ್. ತಾನು ಈಗ ಆಟಗಾರನಾಗಿದ್ದರೆ ಬುಸ್ಕೆಟ್ಸ್ ಥರ ಇರಲು ಇಷ್ಟಪಡುತ್ತಿದ್ದೆ ಅಂತ ಅವರು ಹೇಳಿದ್ದು ಆಮೇಲೆ ತುಂಬಾ ಓಡಾಡಿದ ಮಾತು. ನಾಕೌಟ್‌ನಲ್ಲಿ ಪೋರ್ಚುಗಲ್, ಪರಾಗ್ವೆ, ಜರ್ಮನಿ, ಫೈನಲ್‌ನಲ್ಲಿ ನೆದರ್ಲೆಂಡ್ಸ್. ನಾಲ್ಕೂ ಪಂದ್ಯ 1-0. ಇಡೀ ಟೂರ್ನಿಯಲ್ಲಿ ಸ್ಪೇನ್ ಬಿಟ್ಟುಕೊಟ್ಟದ್ದು ಎರಡೇ ಗೋಲು. ಇನಿಯೆಸ್ತಾ 116ನೇ ನಿಮಿಷದಲ್ಲಿ ಹೊಡೆದ ಗೋಲು ಎಲ್ಲರಿಗೂ ನೆನಪಿದೆ. ಅಷ್ಟು ಹೊತ್ತಿನವರೆಗೆ ಆ ಕಡೆಯವರು ಗೋಲು ಹೊಡೆಯದೇ ಉಳಿದದ್ದು ಯಾರಿಗೆ ನೆನಪಿರುತ್ತದೆ?

ಕಂಠೀರವದ ಮೇಲಿನ ಸಾಲು

ಟಿವಿಯಲ್ಲಿ ಫುಟ್‌ಬಾಲ್ ನೋಡುವುದರ ಕಷ್ಟ ಇದೇ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಚೆಂಡು ಇರುವ ಕಡೆಯ ಅರ್ಧ ಮೈದಾನ ಕಾಣುತ್ತದೆ, ಉಳಿದರ್ಧ ಕಾಣುವುದಿಲ್ಲ. ಚೆಂಡು ಇಲ್ಲದವನ ಕೆಲಸ ಆ ಕಾಣದ ಅರ್ಧದಲ್ಲಿ ನಡೆಯುತ್ತಿರುತ್ತದೆ. ಬುಸ್ಕೆಟ್ಸ್‌ನನ್ನು ನಾನು ಟಿವಿಯಲ್ಲಿ ಮಾತ್ರ ನೋಡಿದ್ದು. ಅವನನ್ನು ಅರ್ಥ ಮಾಡಿಸಿದ್ದು ಮಾತ್ರ ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಮತ್ತು ಡಿಮಾಸ್ ಡೆಲ್ಗಾಡೊ.

ಬೆಂಗಳೂರು ಎಫ್‌ಸಿಗೆ ಒಂದು ಕ್ಯಾಟಲನ್ ಕಾಲ, ಅಂದರೆ ಬಾರ್ಸಿಲೋನಾ ಸೀಮೆಯವರ ಕಾಲ ಅಂತ ಇತ್ತು. 2016ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆಗಿ ಬಂದರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಕೋಚ್ ಆಗಿದ್ದಾಗ ರೋಕಾ ಅವರ ಸಹಾಯಕರಾಗಿದ್ದವರು. ರೋಕಾ ಹೋದ ಮೇಲೆ ಅವರ ಜೊತೆಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಆ ಜಾಗಕ್ಕೆ ಬಂದರು. 2017ರಲ್ಲಿ ಮಿಡ್‌ಫೀಲ್ಡ್‌ಗೆ ಇಬ್ಬರು ಬಂದರು. ಒಬ್ಬ ಆಸ್ಟ್ರೇಲಿಯಾದ ಎರಿಕ್ ಪಾರ್ಟಲು, ಎತ್ತರದ ಆಳು. ಇನ್ನೊಬ್ಬ ಡಿಮಾಸ್. ಬಾರ್ಸಿಲೋನಾ ಪಕ್ಕದ ಸಾಂತಾ ಕೊಲೊಮಾದಲ್ಲಿ ಹುಟ್ಟಿದವನು, ಬಾರ್ಸಿಲೋನಾ ಬಿ ತಂಡದಲ್ಲೂ ಆಡಿದವನು. ನಮ್ಮಲ್ಲಿಗೆ ಬಂದಾಗ ವಯಸ್ಸು ಮೂವತ್ತನಾಲ್ಕು. ಟಿಕೆಟ್ ತಗೊಂಡು ಬಂದವರು ನೋಡಲು ಬಂದದ್ದು ಗೋಲು ಹೊಡೆಯುವ ಸುನಿಲ್ ಛೇಟ್ರಿಯನ್ನು, ಮಿಕುನನ್ನು. ಅದು ಸಹಜ.

ಕಂಠೀರವದ ಬಗ್ಗೆ ಎಲ್ಲರದ್ದೂ ಒಂದೇ ದೂರು. ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಆಟ ತುಂಬಾ ದೂರ ಅನಿಸುತ್ತದೆ. ವೆಸ್ಟ್ ಬ್ಲಾಕ್‌ನ ಹಾಡು, ಡ್ರಮ್ ಇಲ್ಲದಿದ್ದರೆ ಮಜಾ ಇಲ್ಲ. ಅದು ಸರಿಯೇ. ಆದರೆ ಮೇಲಿನ ಸಾಲಿನಲ್ಲಿ, ಕಂಬದ ಲೈಟು ಕಣ್ಣಿಗೆ ಹೊಡೆಯುವ ಜಾಗದಲ್ಲಿ ಕೂತರೆ ಒಂದು ಲಾಭ ಇದೆ. ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುತ್ತಾರೆ. ಒಂದು ಸಂಜೆ ಮಳೆ ಬಂದು ನಿಂತಿತ್ತು. ಸೀಟು ಒರೆಸಿಕೊಂಡು ಕೂತೆ. ನಮ್ಮವರು ಎಡಗಡೆ ದಾಳಿ ಮಾಡುತ್ತಿದ್ದರು. ಸುತ್ತಲಿನವರೆಲ್ಲ ಎದ್ದು ನಿಂತು ಆ ಕಡೆ ಕೂಗುತ್ತಿದ್ದರು. ನನ್ನ ಕಣ್ಣು ಯಾಕೋ ಡಿಮಾಸ್ ಮೇಲೆ ಬಿತ್ತು. ಅವನು ದಾಳಿಯನ್ನು ನೋಡುತ್ತಲೇ ಇರಲಿಲ್ಲ. ಹಿಂದೆ ತಿರುಗಿ ಎದುರಾಳಿಯ ಫಾರ್ವರ್ಡ್ ಎಲ್ಲಿದ್ದಾನೆ ನೋಡಿದ. ನಾಲ್ಕು ಹೆಜ್ಜೆ ಬಲಕ್ಕೆ ಸರಿದ. ಪಾರ್ಟಲುಗೆ ಕೈ ತೋರಿಸಿ ಏನೋ ಹೇಳಿದ, ಪಾರ್ಟಲು ಎರಡು ಹೆಜ್ಜೆ ಹಿಂದೆ ಬಂದ. ದಾಳಿ ಮುರಿಯಿತು. ಎದುರಾಳಿ ಡಿಫೆಂಡರ್ ಚೆಂಡನ್ನು ಎತ್ತಿ ಹೊಡೆದ. ಅದು ನೇರ ಬಂದು ಡಿಮಾಸ್ ಎದೆಗೆ ಬಿತ್ತು. ಒಂದೇ ಟಚ್‌ನಲ್ಲಿ ಚೆಂಡು ಮತ್ತೆ ಎಡಗಡೆಗೆ. ಎದ್ದು ನಿಂತವರು ಕೂರಲೇ ಇಲ್ಲ. ಅವರಿಗೆ ಅದು ಒಂದೇ ದಾಳಿ ಮುಂದುವರಿದ ಹಾಗೆ ಕಂಡಿತು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಅದೃಷ್ಟ ನೋಡಿ, ಬಾಲ್ ಅವನ ಹತ್ರಾನೇ ಬಂತು" ಅಂದರು. ಆಸ್ಟಿನ್ ಟೌನ್ ಕಡೆಯವರು, ಹಳೇ ಕಾಲದ ಆಟ ನೋಡಿದವರು. ಮುಂದಿನ ಹತ್ತು ನಿಮಿಷ ನಾವಿಬ್ಬರೂ ಚೆಂಡು ಬಿಟ್ಟು ಡಿಮಾಸ್‌ನನ್ನೇ ನೋಡಿದೆವು. ಬಾಲ್ ಮತ್ತೆ ಮತ್ತೆ ಅವನ ಹತ್ರಾನೇ ಬಂತು. ಹಾಫ್ ಟೈಮ್‌ಗೆ ಆ ಹಿರಿಯರು ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿ, "ಅದೃಷ್ಟ ಅಲ್ಲ ಬಿಡಿ" ಅಂದರು.

2018ರಲ್ಲಿ ಕಂಠೀರವದಲ್ಲೇ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ಎದುರು 2-3 ಸೋತೆವು. ಮುಂದಿನ ವರ್ಷ ಮುಂಬೈನಲ್ಲಿ ಗೋವಾ ಎದುರು 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಹೆಡರ್‌ನಿಂದ ಗೆದ್ದೆವು. ಆ ಕಾರ್ನರ್ ಹೊಡೆದವನು ಡಿಮಾಸ್. ಆದರೆ ನನಗೆ ಅವನು ಅಂದರೆ ಆ ನಾಲ್ಕು ಹೆಜ್ಜೆ. ಅವತ್ತಿನಿಂದ ಟಿವಿಯಲ್ಲಿ ಬುಸ್ಕೆಟ್ಸ್ ಆಟ ನೋಡುವಾಗಲೂ ಪರದೆಯಾಚೆಗೆ ಅವನು ಎಲ್ಲಿ ಇರಬಹುದು ಅಂತ ಊಹಿಸುವ ಅಭ್ಯಾಸವಾಯಿತು. ದಾಳಿ ಮುರಿದು ಕ್ಯಾಮೆರಾ ಹಿಂದಕ್ಕೆ ಓಡಿದಾಗ ಅವನು ಹೆಚ್ಚುಕಡಿಮೆ ಅಲ್ಲೇ ಇರುತ್ತಿದ್ದ.

ನೆಲ ದೊಡ್ಡದಾದಾಗ

ಆಮೇಲೆ ಬಾರ್ಸಿಲೋನಾಗೆ ಚಾಂಪಿಯನ್ಸ್ ಲೀಗ್‌ನಲ್ಲಿ ಇಳಿಗಾಲ ಬಂತು. 2018ರಲ್ಲಿ ರೋಮಾ ಎದುರು 0-3. 2019ರಲ್ಲಿ ಲಿವರ್‌ಪೂಲ್ ಎದುರು 0-4. 2020ರ ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ, ಖಾಲಿ ಸ್ಟೇಡಿಯಂನಲ್ಲಿ, ಬಯೆರ್ನ್ ಎದುರು 2-8. ಮೂರರಲ್ಲೂ ಬುಸ್ಕೆಟ್ಸ್ ಮೈದಾನದಲ್ಲಿದ್ದ. ಪ್ರತಿ ಸಲವೂ ಅದೇ ಮಾತು: ಬುಸ್ಕೆಟ್ಸ್ ನಿಧಾನ ಆದ, ಮುಗಿಯಿತು ಅವನ ಕಾಲ.

ಇಲ್ಲಿ ನನಗೆ ಜಗಳ ಇದೆ. 2011ರಲ್ಲೂ ಅವನು ನಿಧಾನವೇ. ಆಗ ಯಾಕೆ ಕಾಣಲಿಲ್ಲ? ಆಗ ಅವನು ಕಾಯಬೇಕಾದ ನೆಲ ಸಣ್ಣದಿತ್ತು. ಮುಂದೆ ಮೆಸ್ಸಿ, ಪೆಡ್ರೊ, ವಿಯಾ ಚೆಂಡು ಹೋದ ಕೂಡಲೇ ಐದಾರು ಸೆಕೆಂಡು ನಾಯಿ ಅಟ್ಟಿಸಿಕೊಂಡು ಬಂದವರಂತೆ ಓಡುತ್ತಿದ್ದರು. ಎದುರಾಳಿಗೆ ತಲೆ ಎತ್ತಿ ನೋಡಲೂ ಸಮಯ ಇರುತ್ತಿರಲಿಲ್ಲ, ಗಡಿಬಿಡಿಯಲ್ಲಿ ಕೆಟ್ಟ ಪಾಸ್ ಕೊಡುತ್ತಿದ್ದ. ಆ ಪಾಸ್ ಎಲ್ಲಿಗೆ ಬೀಳುತ್ತದೆ ಅಂತ ಲೆಕ್ಕ ಹಾಕಿ ಬುಸ್ಕೆಟ್ಸ್ ನಿಂತಿರುತ್ತಿದ್ದ. ಹಿಂದೆ ಪಿಕೆ, ಪುಯೋಲ್ ಮಧ್ಯಗೆರೆವರೆಗೂ ಮೇಲೆ ಬಂದಿರುತ್ತಿದ್ದರು. ಇಡೀ ತಂಡ ಒಂದು ಸಣ್ಣ ಅಂಗಳದಲ್ಲಿ. ಅಲ್ಲಿ ಕಾಲಿಗಿಂತ ತಲೆ ಬೇಗ ಓಡಿದರೆ ಸಾಕು.

2020ರ ಹೊತ್ತಿಗೆ ಮುಂದಿದ್ದ ಮೆಸ್ಸಿಗೂ ಸುವಾರೆಸ್‌ಗೂ ಮೂವತ್ಮೂರು. ಚೆಂಡು ಕಳೆದುಕೊಂಡರೆ ಅವರು ಅಟ್ಟಿಸಿಕೊಂಡು ಹೋಗುತ್ತಿರಲಿಲ್ಲ, ಹೋಗಲು ಆಗುತ್ತಲೂ ಇರಲಿಲ್ಲ. ಹಿಂದಿನವರು ಬೆನ್ನ ಹಿಂದಿನ ಜಾಗಕ್ಕೆ ಹೆದರಿ ಕೆಳಗೆ ಇಳಿಯುತ್ತಿದ್ದರು. ಮುಂದಿನವರಿಗೂ ಹಿಂದಿನವರಿಗೂ ನಡುವೆ ದೊಡ್ಡ ಬಯಲು. ಆ ಬಯಲಿನಲ್ಲಿ ಒಬ್ಬ ಬುಸ್ಕೆಟ್ಸ್. ಬಯೆರ್ನ್‌ನವರು ತಲೆ ಎತ್ತಿ, ನೋಡಿ, ನಿಧಾನವಾಗಿ ಆರಿಸಿ ಪಾಸ್ ಕೊಡುತ್ತಿದ್ದರು. ಅವತ್ತು ಅವನ ಮುಖ ನೋಡಿದರೆ ಸಂಕಟವಾಗುತ್ತಿತ್ತು. ಎಲ್ಲಿಗೆ ಹೋಗಬೇಕು ಅಂತ ಅವನಿಗೆ ಆಗಲೂ ಗೊತ್ತಿತ್ತು, ತಲುಪಲು ಆಗುತ್ತಿರಲಿಲ್ಲ. ಸೋಲಿಗೆ ಅವನು ಕಾರಣವೇ ಅಲ್ಲ ಅನ್ನುತ್ತಿಲ್ಲ. ಆದರೆ ಹಾಳಾದದ್ದು ಅವನೊಬ್ಬನ ಕಾಲಲ್ಲ. ಹತ್ತು ಜನರ ನಡುವಿನ ಅಂತರ ಹಾಳಾಗಿತ್ತು. ಅದು ಮೊದಲು ಕಾಣಿಸಿಕೊಳ್ಳುವುದು ನಡುವೆ ನಿಂತವನಲ್ಲಿ.

ನಾವು ವೃತ್ತಿಜೀವನ ಅಂದರೆ ಒಬ್ಬನ ಸ್ವಂತ ಆಸ್ತಿ ಅಂದುಕೊಳ್ಳುತ್ತೇವೆ. ಅವನು ಬೆಳೆದ, ಅವನು ಮೆರೆದ, ಅವನು ಇಳಿದ. ಈ ಜಾಗದಲ್ಲಿ ಆಡುವವನ ವಿಷಯದಲ್ಲಿ ಹಾಗೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ 2021 ನೋಡಿ. ಲಿಸ್ಬನ್ ಆಗಿ ಒಂದು ವರ್ಷ. ಯೂರೋ ಟೂರ್ನಿಗೆ ಮೊದಲು ಬುಸ್ಕೆಟ್ಸ್‌ಗೆ ಕೋವಿಡ್ ಬಂತು, ಮೊದಲ ಎರಡು ಪಂದ್ಯ ತಪ್ಪಿತು. ಸ್ಪೇನ್ ಎರಡನ್ನೂ ಡ್ರಾ ಮಾಡಿಕೊಂಡಿತು. ಮೂರನೇ ಪಂದ್ಯಕ್ಕೆ ಅವನು ಬಂದ. ಸ್ಲೊವಾಕಿಯಾ ಎದುರು 5-0. ಪಂದ್ಯ ಮುಗಿದ ಮೇಲೆ ಅವನ ಕಣ್ಣಲ್ಲಿ ನೀರಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೇಷನ್ಸ್ ಲೀಗ್ ಫೈನಲ್‌ನಲ್ಲಿ ಸ್ಪೇನ್ ಫ್ರಾನ್ಸ್ ಎದುರು ಸೋತಿತು, ಆದರೆ ಆ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಸೋತ ತಂಡದ ಬುಸ್ಕೆಟ್ಸ್‌ನನ್ನು. ಕಾಲು ಅದೇ. ವಯಸ್ಸು ಒಂದು ಜಾಸ್ತಿ. ಸ್ಪೇನ್‌ನಲ್ಲಿ ಸುತ್ತಲಿನ ಹುಡುಗರು ಓಡುತ್ತಿದ್ದರು, ಅಷ್ಟೇ ವ್ಯತ್ಯಾಸ.

2022ರಲ್ಲಿ ಕತಾರ್‌ನಲ್ಲಿ ಮೊರಾಕೊ ಎದುರು ಅವನ ಪೆನಾಲ್ಟಿಯನ್ನು ಗೋಲ್‌ಕೀಪರ್ ಬೂನು ತಡೆದ. ಸ್ಪೇನ್ ಪರ ಅದೇ ಕೊನೆಯ ಪಂದ್ಯ. 2023ರಲ್ಲಿ ಕ್ಯಾಪ್ಟನ್ ಆಗಿ ಕೊನೆಯ ಲಾ ಲೀಗಾ ಗೆದ್ದು ಬಾರ್ಸಿಲೋನಾ ಬಿಟ್ಟ. ಅವನ ಜಾಗಕ್ಕೆ ಗಿರೋನಾದಿಂದ ಓರಿಯೊಲ್ ರೊಮೆಯುನನ್ನು ತಂದರು, ಒಂದೇ ವರ್ಷದಲ್ಲಿ ವಾಪಸ್ ಕಳಿಸಿದರು. ರೊಮೆಯು ಕೆಟ್ಟ ಆಟಗಾರನೇನಲ್ಲ. ಒಂದು ಮನೆಯ ಕಂಬ ತೆಗೆದು ಇನ್ನೊಂದು ಇಡುವಾಗ ಉದ್ದ ಒಂದೇ ಇದ್ದರೆ ಸಾಲದಲ್ಲ. ಅತ್ತ ಸ್ಪೇನ್‌ನಲ್ಲಿ ಅವನ ಜಾಗಕ್ಕೆ ಬಂದ ರೋಡ್ರಿಗೆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ 2024ರಲ್ಲಿ ಸಿಕ್ಕಿತು. ಅದೇ ಸೆಪ್ಟೆಂಬರ್‌ನಲ್ಲಿ ರೋಡ್ರಿಯ ಮಂಡಿಗೆ ಪೆಟ್ಟಾಗಿತ್ತು. ಅವನಿಲ್ಲದ ಮ್ಯಾಂಚೆಸ್ಟರ್ ಸಿಟಿ ಆ ಚಳಿಗಾಲದಲ್ಲಿ ಹೇಗೆ ಕುಸಿಯಿತು ಅಂತ ಎಲ್ಲರೂ ನೋಡಿದರು. ಈ ಜಾಗದ ಬೆಲೆ ಅದು ಖಾಲಿಯಾದಾಗ ಕಂಡಷ್ಟು ಸ್ಪಷ್ಟವಾಗಿ ಬೇರೆ ಯಾವಾಗಲೂ ಕಾಣುವುದಿಲ್ಲ. ಬುಸ್ಕೆಟ್ಸ್‌ಗೆ ಆ ಪ್ರಶಸ್ತಿ ಸಿಗಲಿಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿ ಇದೆ.

ಮಯಾಮಿ

ಕೊನೆಯ ಎರಡೂವರೆ ವರ್ಷ ಅಮೆರಿಕದ ಇಂಟರ್ ಮಯಾಮಿ ಕ್ಲಬ್‌ನಲ್ಲಿ. ಮೆಸ್ಸಿ, ಜೋರ್ಡಿ ಆಲ್ಬಾ, ಸುವಾರೆಸ್, ಎಲ್ಲ ಹಳೇ ಗೆಳೆಯರು. ಇದನ್ನು ರಜೆ ಅಂತ ಕರೆದವರೇ ಜಾಸ್ತಿ. ಓಡದ ನಾಲ್ಕು ಜನ ಒಂದೇ ತಂಡದಲ್ಲಿದ್ದರೆ ಲಿಸ್ಬನ್‌ನ ಅದೇ ಬಯಲು ಇಲ್ಲೂ ತೆರೆದುಕೊಳ್ಳಬೇಕಿತ್ತು. ಎಷ್ಟೋ ಪಂದ್ಯಗಳಲ್ಲಿ ತೆರೆದುಕೊಂಡಿತು ಕೂಡ.

2025ರಲ್ಲಿ ಮಯಾಮಿಗೆ ಕೋಚ್ ಆಗಿ ಬಂದದ್ದು ಹವಿಯೆರ್ ಮಸ್ಚೆರಾನೊ. ಇವರ ಕಥೆ ಇಲ್ಲಿ ಬೇಕು. 2010ರಲ್ಲಿ ಬಾರ್ಸಿಲೋನಾಗೆ ಬಂದಾಗ ಮಸ್ಚೆರಾನೊ ಜಗತ್ತಿನ ಒಳ್ಳೆಯ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬರು. ಆದರೆ ಆ ಜಾಗದಲ್ಲಿ ಬುಸ್ಕೆಟ್ಸ್ ಇದ್ದ. ಕೂತು ಕಾಯುವ ಬದಲು ಅವರು ಸೆಂಟರ್ ಬ್ಯಾಕ್ ಆಡಲು ಕಲಿತರು. ವರ್ಷಗಟ್ಟಲೆ ಬುಸ್ಕೆಟ್ಸ್‌ನ ಬೆನ್ನನ್ನು ಹಿಂದಿನಿಂದ ನೋಡಿದವರು. ಅವನಿಗೆ ಎಷ್ಟು ನೆಲ ಕೊಟ್ಟರೆ ಕಾಯುತ್ತಾನೆ, ಎಷ್ಟು ಕೊಟ್ಟರೆ ಮುಳುಗುತ್ತಾನೆ ಅನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಆ ವರ್ಷದ ಮಧ್ಯದಲ್ಲಿ ಅರ್ಜೆಂಟೀನಾದ ರೋಡ್ರಿಗೊ ಡಿ ಪಾಲ್ ತಂಡಕ್ಕೆ ಬಂದ. ದಣಿವರಿಯದೆ ಓಡುವವನು. ಅವನನ್ನು ಬುಸ್ಕೆಟ್ಸ್ ಪಕ್ಕದಲ್ಲಿ ನಿಲ್ಲಿಸಿದರು.

ಡಿಸೆಂಬರ್ 6ರಂದು ಅಮೆರಿಕದ ಲೀಗ್‌ನ ಎಂಎಲ್‌ಎಸ್ ಕಪ್ ಫೈನಲ್, ವ್ಯಾಂಕೂವರ್ ಎದುರು. ಆ ತಂಡದಲ್ಲಿ ಥಾಮಸ್ ಮುಲ್ಲರ್ ಇದ್ದ. ಲಿಸ್ಬನ್‌ನ ಆ ರಾತ್ರಿ ಎಂಟರಲ್ಲಿ ಎರಡು ಗೋಲು ಹೊಡೆದಿದ್ದ ಅದೇ ಮುಲ್ಲರ್. ಮಯಾಮಿ 3-1ರಿಂದ ಗೆದ್ದಿತು. ಮೂವತ್ತೇಳು ವರ್ಷದ ಬುಸ್ಕೆಟ್ಸ್‌ಗೆ ಅದು ಕೊನೆಯ ಪಂದ್ಯ. ತುಣುಕುಗಳಲ್ಲಿ ಮೆಸ್ಸಿಯ ಪಾಸ್‌ಗಳಿವೆ, ಡಿ ಪಾಲ್ ಹೊಡೆದ ಗೋಲಿದೆ. ಪೂರ್ತಿ ಪಂದ್ಯದ ರೆಕಾರ್ಡಿಂಗ್ ಸಿಕ್ಕರೆ ಅದನ್ನೇ ನೋಡಿ. ಮಯಾಮಿ ಚೆಂಡು ಕಳೆದುಕೊಂಡಾಗಲೆಲ್ಲ ಮೊದಲು ಡಿ ಪಾಲ್ ಯಾವ ಕಡೆ ಓಡುತ್ತಾನೆ ನೋಡಿ. ಆಮೇಲೆ ಬುಸ್ಕೆಟ್ಸ್ ಎಲ್ಲಿ ನಿಂತಿದ್ದಾನೆ ಅಂತ ಹುಡುಕಿ.